ಅಂಟಿಸಿದ ಮೀಸೆಯ ಅರಸರು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ತುಮಕೂರಿನ ರಂಗಾಸಕ್ತರೇ,

ನನಗೆ ಕೊಟ್ಟಿರುವ ವಿಷಯ ‘ಐತಿಹಾಸಿಕ ಹಾಸ್ಯಚಿತ್ರಗಳಲ್ಲಿ ನಿಜವ್ಯಕ್ತಿಗಳ ಪಾತ್ರ’. ಕೊಟ್ಟಿರುವ ಸಮಯ ಇಪ್ಪತ್ತೈದು ನಿಮಿಷ. ಅದರಲ್ಲಿ ಐದು ನಿಮಿಷ ನನ್ನ ಪರಿಚಯಕ್ಕೇ ಹೋಯಿತು. ಪರಿಚಯದಲ್ಲಿ ಬಂದ ಆ ಮಹಾನುಭಾವನ ಬಗ್ಗೆ ಯಾರಾದರೂ ಸಿನಿಮಾ ತೆಗೆದರೆ, ಆ ಪಾತ್ರಕ್ಕೆ ನನ್ನನ್ನಂತೂ ಹಾಕಿಕೊಳ್ಳುವುದಿಲ್ಲ.

ಜುಲೈ ತಿಂಗಳಲ್ಲಿ ಈ ಮಾತು ಎತ್ತುವುದಕ್ಕೆ ಕಾರಣವಿದೆ. ನಮ್ಮ ತಿಪಟೂರಿನ ನರಸಿಂಹರಾಜು 1923ರ ಜುಲೈಯಲ್ಲಿ ಹುಟ್ಟಿ 1979ರ ಜುಲೈಯಲ್ಲಿ ಹೋದರು. 1970ರ ‘ಶ್ರೀಕೃಷ್ಣದೇವರಾಯ’ ನೆನಪು ಮಾಡಿಕೊಳ್ಳಿ. ರಾಜಕುಮಾರ್ ಕೃಷ್ಣದೇವರಾಯ, ಬಿ.ಆರ್. ಪಂತುಲು ತಿಮ್ಮರಸು, ನರಸಿಂಹರಾಜು ತೆನಾಲಿ ರಾಮಕೃಷ್ಣ. ರಾಜಕುಮಾರ್ ಅವರ ಗತ್ತಿನ ಬಗ್ಗೆ ಚಕಾರ ಎತ್ತುವ ಧೈರ್ಯ ನನಗಿಲ್ಲ, ಎತ್ತಿದರೆ ನೀವು ಸುಮ್ಮನೆ ಬಿಡುವವರೂ ಅಲ್ಲ. ನನ್ನ ತಕರಾರು ಬೇರೆ. ನಗಿಸುವ ಗುತ್ತಿಗೆ ಪೂರ್ತಿ ತೆನಾಲಿಯದು. ಅರಸ ನಗಬಹುದು, ಆದರೆ ಅರಸನನ್ನು ನೋಡಿ ನಾವು ನಗುವ ಹಾಗಿಲ್ಲ. ಆವತ್ತಿಂದ ಇವತ್ತಿನವರೆಗೆ ನಮ್ಮಲ್ಲಿ ಇದೇ ಕಾನೂನು. ಇತಿಹಾಸದ ದೊಡ್ಡ ಮನುಷ್ಯ ಅಂದರೆ ಮೀಸೆ, ಎದೆ, ಧ್ವನಿ. ಮೀಸೆ ಅಂಟಿಸಿದರೆ ಪಾತ್ರ ಬಂತು ಅಂತ ನಂಬಿಬಿಟ್ಟಿದ್ದೇವೆ.

ಇದಕ್ಕೆ ಒಂದು ಪ್ರಸಂಗ ಹೇಳಲೇಬೇಕು. ಕೇಳಿದವರು ಮತ್ತೊಮ್ಮೆ ಕೇಳಿ, ಸಹಿಸಿಕೊಳ್ಳಿ.

ಗುಬ್ಬಿ ತಾಲ್ಲೂಕಿನ ಒಂದು ಊರು. ಹೆಸರು ಬೇಡ, ಆ ಊರಿನವರು ಇಲ್ಲೇ ಕೂತಿರಬಹುದು. ಊರಹಬ್ಬಕ್ಕೆ ಕೃಷ್ಣದೇವರಾಯನ ನಾಟಕ. ನಮ್ಮ ಕಡೆ ಪಾತ್ರ ಹಂಚುವುದು ಹೇಗೆ ಅಂತ ನಿಮಗೆ ಗೊತ್ತು: ಪ್ರತಿಭೆ ನೋಡಿ ಅಲ್ಲ, ಚಂದಾ ನೋಡಿ. ಹೆಚ್ಚು ದುಡ್ಡು ಹಾಕಿದ್ದ ಪಟೇಲರು ಕೃಷ್ಣದೇವರಾಯ. ಆಸ್ಥಾನದಲ್ಲಿ ನಿಂತಿದ್ದ ಮಿಕ್ಕವರೆಲ್ಲ ಒಂದಲ್ಲ ಒಂದು ರೀತಿ ಅವರ ಹತ್ತಿರ ಸಾಲ ಮಾಡಿದವರು. ತೆನಾಲಿ ರಾಮಕೃಷ್ಣ ಆಗಿದ್ದವನು ಸೈಕಲ್ ಶಾಪ್ ಇಟ್ಟಿದ್ದ, ಆ ಮಳಿಗೆಯೂ ಪಟೇಲರದೇ. ನಾನು ಆಗ ಹುಡುಗ, ಹಾರ್ಮೋನಿಯಂ ಮೇಷ್ಟ್ರ ಪಕ್ಕ ಜಾಗ ಗಿಟ್ಟಿಸಿದ್ದೆ.

ದರ್ಬಾರ್ ಸೀನು. ರಾಯಚೂರಿನ ಮೇಲೆ ದಂಡೆತ್ತುವ ಮಾತು. ಪಟೇಲರು ಸಿಂಹಾಸನದಿಂದ ಎದ್ದು ಕಂದಪದ್ಯ ಶುರು ಮಾಡಿದರು. ಶ್ರುತಿ ಒಂದು ದಿಕ್ಕು, ಅವರು ಒಂದು ದಿಕ್ಕು. ಬೆವರಿಗೆ ಅಂಟು ಬಿಟ್ಟು ಎಡಗಡೆ ಮೀಸೆ ತೊಪ್ ಅಂತ ಬಿತ್ತು. ಅವರಿಗೆ ಗೊತ್ತಾಗಲಿಲ್ಲ. ಊರಿಗೆಲ್ಲ ಗೊತ್ತಾಯಿತು. ತೆನಾಲಿ ತನ್ನ ಎಡತುಟಿ ಮುಟ್ಟಿ ಸನ್ನೆ ಮಾಡಿದ. ಪಟೇಲರು, ‘ಏನ್ಲಾ ಅದು, ನೆಟ್ಟಗೆ ನಿಂತ್ಕ’ ಅಂದರು. ಅಷ್ಟು ಹೊತ್ತು ಗ್ರಾಂಥಿಕ ಮಾತಾಡುತ್ತಿದ್ದ ಚಕ್ರವರ್ತಿ! ತೆನಾಲಿ ಬಾಯಿ ಮುಚ್ಚಿತು. ರಾಜನನ್ನು ನೋಡಿ ನಗುವ ಹಕ್ಕಿದ್ದ ಒಬ್ಬನೇ ಒಬ್ಬ ಅವನು, ಅವನಿಗೂ ಬಾಡಿಗೆ ನೆನಪಾಯಿತು.

ಆಮೇಲೆ ನಡೆದದ್ದು ನೋಡಿ. ತಿಮ್ಮರಸು ಪರದೆ ಕಡೆ ತಿರುಗಿ ತನ್ನ ಎಡಮೀಸೆ ಕಿತ್ತುಕೊಂಡು ಈ ಕಡೆ ತಿರುಗಿದ. ಅವನನ್ನು ನೋಡಿ ಸೇನಾಪತಿ. ಅವನನ್ನು ನೋಡಿ ದಂಡನಾಯಕ. ಪದ್ಯ ಮುಗಿಯುವ ಹೊತ್ತಿಗೆ ವಿಜಯನಗರ ಸಾಮ್ರಾಜ್ಯದ ಅಷ್ಟೂ ಜನಕ್ಕೆ ಅರ್ಧ ಮೀಸೆ. ಪಾಪ, ದ್ವಾರಪಾಲಕನದು ಸ್ವಂತ ಮೀಸೆ. ಅವನು ಎಡಗೈ ಅಡ್ಡ ಹಿಡಿದುಕೊಂಡೇ ನಾಟಕ ಮುಗಿಸಿದ. ಜನ ಬಿದ್ದು ಬಿದ್ದು ನಕ್ಕು ‘ಒನ್ಸ್ ಮೋರ್’ ಅಂತ ಕೂಗಿದರು. ಪಟೇಲರು ತಮ್ಮ ಕಂದಕ್ಕೆ ಅಂದುಕೊಂಡು ಇನ್ನೊಂದು ಸಲ ಹಾಡಿದರು.

ಇಲ್ಲಿ ನಗಿಸಿದ್ದು ಯಾರು? ಪಟೇಲರು ನಗಿಸಲು ಹೋಗಲೇ ಇಲ್ಲ. ಅವರು ಪೂರ್ತಿ ಗಂಭೀರ. ನಗು ಇದ್ದದ್ದು ಅವರ ಸುತ್ತ ನಿಂತವರ ಕಸಿವಿಸಿಯಲ್ಲಿ. ದೊಡ್ಡವರ ಪಾತ್ರವನ್ನು ಹಾಸ್ಯದಲ್ಲಿ ಮಾಡುವ ನಟನಿಗೆ ನಾನು ಹೇಳುವುದು ಇಷ್ಟೇ: ನೀನು ನಗಿಸಬೇಡ, ನಂಬಿ ಆಡು. ಹೋಲಿಕೆ ಮೇಕಪ್ಪಿನವನ ಕೆಲಸ.

ಇದನ್ನು ಪಳಗಿದ ಕೈ ಮಾಡಿದರೆ ಹೇಗಿರುತ್ತದೆ ಎನ್ನುವುದಕ್ಕೆ 2017ರ ‘ದಿ ಡೆತ್ ಆಫ್ ಸ್ಟಾಲಿನ್’ ನೋಡಿ, ನಿರ್ದೇಶಕ ಅರ್ಮಾಂಡೋ ಯಾನೂಚಿ. ಇತಿಹಾಸದಲ್ಲೇ ಆ ಹಾಸ್ಯ ಇದೆ. 1953ರ ಮಾರ್ಚ್ 1ರಂದು ಸ್ಟಾಲಿನ್ ಕೋಣೆಯಿಂದ ಹೊರಗೆ ಬರಲಿಲ್ಲ. ಕರೆಯದೆ ಬಾಗಿಲು ತೆಗೆಯುವ ಧೈರ್ಯ ಕಾವಲಿನವರಿಗಿಲ್ಲ. ಒಳಗೆ ಹೋಗಿದ್ದು ರಾತ್ರಿ. ಮನುಷ್ಯ ನೆಲದ ಮೇಲೆ ಬಿದ್ದಿದ್ದ, ಮಾರ್ಚ್ 5ರಂದು ಸತ್ತ. ಸಿನಿಮಾದಲ್ಲಿ, ಸ್ಟಾಲಿನ್ ಆದಮೇಲೆ ಅಧಿಕಾರ ಹಿಡಿದ ಕ್ರುಶ್ಚೇವ್ ಆಗಿ ಸ್ಟೀವ್ ಬುಸೆಮಿ. ಮುಖದ ಹೋಲಿಕೆ ಹುಡುಕಿದರೂ ಸಿಗುವುದಿಲ್ಲ: ಅವನು ದುಂಡಗೆ, ಈತ ಕಡ್ಡಿ. ಮಾತು ಅಪ್ಪಟ ಅಮೆರಿಕದ್ದು. ಸೋವಿಯತ್ ಸೇನೆಯ ಮಾರ್ಷಲ್ ಝುಕೋವ್ ಆದ ಜೇಸನ್ ಐಸಾಕ್ಸ್ ಇಂಗ್ಲೆಂಡಿನ ಯಾರ್ಕ್‌ಶೈರ್ ಹಳ್ಳಿಗಾಡಿನ ಇಂಗ್ಲಿಷ್ ಆಡುತ್ತಾನೆ. ನಮ್ಮ ದಳವಾಯಿ ಪಾವಗಡದ ಕನ್ನಡ ಮಾತಾಡಿದ ಹಾಗೆ! ಒಂದೇ ಮಾತಿಗೆ ಆ ಮನುಷ್ಯ ಯಾರಿಗೂ ಹೆದರುವವನಲ್ಲ ಅಂತ ಗೊತ್ತಾಗುತ್ತದೆ. ಇನ್ನೊಂದು ತಮಾಷೆ: ನಿಜವಾದ ಝುಕೋವ್ ಎದೆ ಮೇಲೆ ಇದ್ದಷ್ಟು ಪದಕಗಳನ್ನು ತೂಗುಹಾಕಿದರೆ ಯಾರೂ ನಂಬುವುದಿಲ್ಲ ಅಂತ ಸಿನಿಮಾದವರು ಕಮ್ಮಿ ಮಾಡಿದರು. ರಷ್ಯಾ ಸರ್ಕಾರ 2018ರ ಜನವರಿಯಲ್ಲಿ, ಬಿಡುಗಡೆಯ ಹೊಸ್ತಿಲಲ್ಲಿ, ಆ ಚಿತ್ರದ ಪರವಾನಗಿ ವಾಪಸ್ ತೆಗೆದುಕೊಂಡಿತು. ಸತ್ತು ಅರವತ್ತನಾಲ್ಕು ವರ್ಷ ಆದಮೇಲೂ ಬಾಗಿಲ ಹೊರಗೆ ಕಾವಲಿನವರು ನಿಂತೇ ಇದ್ದರು ಅನ್ನಿ.

ನಮ್ಮ ದೇಶಕ್ಕೆ ಬನ್ನಿ. ಸತ್ಯಜಿತ್ ರಾಯ್ 1977ರಲ್ಲಿ ‘ಶತರಂಜ್ ಕೆ ಖಿಲಾಡಿ’ ಮಾಡಿದರು. ಪ್ರೇಮಚಂದರ ಕಥೆ, 1856ರಲ್ಲಿ ಕಂಪನಿ ಸರ್ಕಾರ ಅವಧ್ ನುಂಗಿದ ಕಾಲ. ಹಾಡು, ಕಥಕ್, ಕವಿತೆ ಅಂತ ಇದ್ದ ನವಾಬ ವಾಜಿದ್ ಅಲಿ ಶಾ ಪಾತ್ರಕ್ಕೆ ಅವರು ಹಾಕಿಕೊಂಡಿದ್ದು ಯಾರನ್ನು? ಅಮ್ಜದ್ ಖಾನ್! ಆಗಿನ್ನೂ ಎರಡು ವರ್ಷದ ಹಿಂದೆ, ಇಲ್ಲೇ ರಾಮನಗರದ ಬಂಡೆಗಳ ಮೇಲೆ ಗಬ್ಬರ್ ಸಿಂಗ್ ಆಗಿ ಇಡೀ ದೇಶದ ಮಕ್ಕಳನ್ನು ಹೆದರಿಸಿದ್ದ ಆಸಾಮಿ. ಅವನು ಇಲ್ಲಿ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಾನೆ. ನಮಗೆ ಮೊದಲು ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ನಕ್ಕಿದ್ದಕ್ಕೆ ಮುಜುಗರ ಆಗುತ್ತದೆ. ಆ ಮುಜುಗರಕ್ಕಾಗಿಯೇ ರಾಯ್ ಅವನನ್ನು ಆರಿಸಿದರು ಅಂತ ನನ್ನ ಗುಮಾನಿ. ಎದುರಿಗೆ ಕಂಪನಿ ಕಡೆಯ ಜನರಲ್ ಔಟ್ರಮ್ ಆಗಿ ರಿಚರ್ಡ್ ಅಟೆನ್‌ಬರೊ. ಈ ನವಾಬ ಪದ್ಯ ಬರೆಯುತ್ತಾನಂತೆ, ಕುಣಿಯುತ್ತಾನಂತೆ ಅಂತ ತನ್ನ ಕೈಕೆಳಗಿನ ಅಧಿಕಾರಿಯನ್ನು ಕೇಳುವ ದೃಶ್ಯದಲ್ಲಿ ಅವನೂ ನಗಿಸಲು ಹೋಗುವುದಿಲ್ಲ. ಅವನಿಗೆ ನಿಜಕ್ಕೂ ಅರ್ಥವಾಗುತ್ತಿಲ್ಲ, ಅಷ್ಟೇ. ಇದೇ ಅಟೆನ್‌ಬರೊ 1982ರಲ್ಲಿ ‘ಗಾಂಧಿ’ ನಿರ್ದೇಶಿಸಿದ. ಇಲ್ಲಿ ಚದುರಂಗ ಆಡುತ್ತ ರಾಜ್ಯ ಹೋದದ್ದನ್ನೇ ನೋಡದ ಸಯೀದ್ ಜಾಫ್ರಿ, ಅಲ್ಲಿ ಸರ್ದಾರ್ ಪಟೇಲ್!

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತ ಬರೆದಿದೆ. ಚಾಪ್ಲಿನ್ ಇನ್ನೂ ಬಾಕಿ, ಹಾಗಾಗಿ ಓಡುತ್ತೇನೆ.

1940ರ ‘ದಿ ಗ್ರೇಟ್ ಡಿಕ್ಟೇಟರ್’ ಬಗ್ಗೆ ನಿಮಗೆ ಗೊತ್ತು. ಹೆಸರು ಹಿಂಕೆಲ್, ಆಡಿದ್ದು ಹಿಟ್ಲರ್. ಚಾಪ್ಲಿನ್, ಹಿಟ್ಲರ್ ಇಬ್ಬರೂ 1889ರ ಏಪ್ರಿಲ್‌ನಲ್ಲಿ ನಾಲ್ಕು ದಿನದ ಅಂತರದಲ್ಲಿ ಹುಟ್ಟಿದವರು. ಆ ಮೀಸೆ ಚಾಪ್ಲಿನ್‌ಗೆ 1914ರಿಂದಲೂ ಇತ್ತು, ಅವನು ಹೊಸದಾಗಿ ಅಂಟಿಸಬೇಕಾಗಿರಲಿಲ್ಲ. ಆದರೆ ಒಂದು ಮಾತು ಮುಖ್ಯ. ಯಾತನಾ ಶಿಬಿರಗಳ ಘೋರ ಆಗಲೇ ಗೊತ್ತಿದ್ದರೆ ಆ ಸಿನಿಮಾ ಮಾಡಲು ಆಗುತ್ತಿರಲಿಲ್ಲ ಅಂತ ಆತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಎಲ್ಲರನ್ನೂ ಎಲ್ಲ ಕಾಲಕ್ಕೂ ನಗೆಪಾಟಲು ಮಾಡಬಹುದು ಅಂತ ನಾನು ಹೇಳುತ್ತಿಲ್ಲ.

ಇನ್ನು ದಿಲೀಪ್ ಪ್ರಭಾವಳ್ಕರ್. ಮರಾಠಿಯ ಹಾಸ್ಯನಟ, 2006ರ ‘ಲಗೇ ರಹೋ ಮುನ್ನಾಭಾಯಿ’ ಸಿನಿಮಾದಲ್ಲಿ ಮುನ್ನಾಭಾಯಿಯ ಪಕ್ಕ ಗಾಂಧಿಯಾಗಿ ಕೂತು ರಾಷ್ಟ್ರಪ್ರಶಸ್ತಿ ತೆಗೆದುಕೊಂಡರು. ಹೆಚ್ಚು ಹೇಳಲು ಹೊತ್ತಿಲ್ಲ.

ಇಷ್ಟೆಲ್ಲ ಹೇಳಿದ್ದು ಕೃಷ್ಣದೇವರಾಯನಿಗೋಸ್ಕರ. ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬರೆದಿಟ್ಟಿದ್ದಾನೆ: ನಡುತರದ ಎತ್ತರ, ಸಣಕಲು ಅನ್ನುವುದಕ್ಕಿಂತ ಮೈ ತುಂಬಿದವನು, ಮುಖದ ಮೇಲೆ ಸಿಡುಬಿನ ಕಲೆ, ಯಾವಾಗಲೂ ಗೆಲುವು, ಆದರೆ ಇದ್ದಕ್ಕಿದ್ದ ಹಾಗೆ ಸಿಟ್ಟು. ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಬಳಿದುಕೊಂಡು, ಸಣ್ಣ ಬಟ್ಟೆ ಸುತ್ತಿ, ಭಾರ ಎತ್ತಿ, ಕತ್ತಿ ಬೀಸಿ, ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಜಟ್ಟಿಯ ಜೊತೆ ಕುಸ್ತಿ, ಕುದುರೆ ಸವಾರಿ. ಇಂಥ ಬೆಳಗಿನ ಜಾವ ಯಾವ ಸಿನಿಮಾದಲ್ಲಿ ನೋಡಿದ್ದೀರಿ? ಲೋಟ ಹಿಡಿದು ನಿಂತ ಸೇವಕ, ಮುಖ ಕಿವುಚದೆ ಕುಡಿಯುವ ಚಕ್ರವರ್ತಿ, ಚಕ್ರವರ್ತಿಯ ಜೊತೆ ಕುಸ್ತಿಗೆ ಇಳಿಯಬೇಕಾದ ಆ ಜಟ್ಟಿಯ ಫಜೀತಿ! ಗೆದ್ದರೆ ಒಂದು ಕಷ್ಟ, ಸೋತರೆ ಇನ್ನೊಂದು. ಇದನ್ನು ಆಡಿದರೆ ರಾಯನ ಮಾನ ಎಲ್ಲಿ ಹೋಗುತ್ತದೆ? ಆ ರಾಯನ ಪಾತ್ರ ನರಸಿಂಹರಾಜು ಅವರಿಗೆ ಕೊಟ್ಟು, ರಾಜಕುಮಾರ್ ಅವರಿಗೆ ತೆನಾಲಿ ಕೊಟ್ಟಿದ್ದರೆ? ಇದೊಂದು ನನ್ನ ಹುಚ್ಚು ಆಸೆ. ಬಯ್ಯುವವರು ಚಹಾ ಹೊತ್ತಿನಲ್ಲಿ ಬಯ್ಯಿರಿ.

ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಬಗ್ಗೆಯೂ ಒಂದು ಪುಟ ಬರೆದುಕೊಂಡು ಬಂದಿದ್ದೆ, ಮಡಚಿ ಜೇಬಿಗೆ ಹಾಕಿದ್ದೇನೆ. ಹೊತ್ತು ಮೀರಿ ಮಾತಾಡುತ್ತ ಅವರ ಹೆಸರು ಎತ್ತುವುದು ಸರಿಯಲ್ಲ.

ನಾಳೆ ಶಿಬಿರದಲ್ಲಿ ಹುಡುಗರಿಗೆ ಈ ಕುಸ್ತಿಯ ದೃಶ್ಯವನ್ನೇ ಅಭ್ಯಾಸಕ್ಕೆ ಕೊಡುತ್ತೇನೆ. ಮೀಸೆ ಇಲ್ಲ, ಕಿರೀಟ ಇಲ್ಲ, ಲುಂಗಿ ಸಾಕು. ಎಣ್ಣೆ ಮಾತ್ರ ಅಸಲಿ. ಕೃಷ್ಣದೇವರಾಯ ಆಗುವುದಕ್ಕೆ ಯಾರು ತಯಾರಿದ್ದೀರೋ ಈಗಲೇ ಕೈ ಎತ್ತಿ. ಅಧ್ಯಕ್ಷರೇ, ನೀವು ಎತ್ತಿದ್ದು ಪಾತ್ರಕ್ಕೋ, ನನ್ನನ್ನು ನಿಲ್ಲಿಸುವುದಕ್ಕೋ?