ಸರ್ಫ್ಯಾಕ್ಟೆಂಟ್ ಅಂದರೆ ಬರೀ ಸೋಪಲ್ಲ ಸ್ವಾಮಿ!

ನಮಸ್ಕಾರ ಸ್ನೇಹಿತರೇ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: 'ಸರ್ಫ್ಯಾಕ್ಟೆಂಟ್ ಅಂದ್ರೆ ಶ್ವಾಸಕೋಶದ ಸೋಪು. ಅದಕ್ಕೆ ಇಷ್ಟುದ್ದ ಭಾಷಣ ಯಾಕೆ?' ಓದಿ ಮೈ ಉರಿದುಹೋಯಿತು.

ಸರ್ಫ್ಯಾಕ್ಟೆಂಟ್ ಅಂದರೆ ಶ್ವಾಸಕೋಶದ ಗಾಳಿಚೀಲಗಳ ಒಳಮೈಯಲ್ಲಿ ಹರಡಿರುವ ತೆಳು ಪದರ. ಚೀಲಗಳು ಮುದುಡದಂತೆ ಅದು ಕಾಯುತ್ತದೆ, ಒಪ್ಪಿದೆ. ಅದರಲ್ಲಿ ಶೇಕಡಾ 90ರಷ್ಟು ಕೊಬ್ಬಿನಂಶ, ಅದನ್ನೂ ಒಪ್ಪಿದೆ. ಆದರೆ ಉಳಿದ ಪ್ರೋಟೀನ್‌ಗಳಲ್ಲಿ ಎಸ್‌ಪಿ-ಎ, ಎಸ್‌ಪಿ-ಡಿ ಅಂತ ಎರಡಿವೆ. ಅವು ಸಾಯುತ್ತಿರುವ ಜೀವಕೋಶಗಳನ್ನು ಗುರುತು ಹಿಡಿಯುತ್ತವೆ. ಸೋಪು ಗುರುತು ಹಿಡಿಯುತ್ತದೆಯೇ?

ಸೋಂಕು ಬಂದಾಗ ನ್ಯೂಟ್ರೋಫಿಲ್‌ಗಳು, ಅಂದರೆ ರೋಗಾಣುಗಳ ಜತೆ ಹೋರಾಡುವ ಬಿಳಿ ರಕ್ತಕಣಗಳು, ಶ್ವಾಸಕೋಶಕ್ಕೆ ನುಗ್ಗುತ್ತವೆ. ಕೆಲಸ ಮುಗಿಸಿ ಅಲ್ಲೇ ಸಾಯುತ್ತವೆ. ಬೇಗ ತೆಗೆಯದಿದ್ದರೆ ಒಡೆದು, ಒಳಗಿನ ಕಿಣ್ವಗಳೆಲ್ಲ ಚೆನ್ನಾಗಿರುವ ಅಂಗಾಂಶದ ಮೇಲೆ ಚೆಲ್ಲುತ್ತವೆ. ಅದಕ್ಕೂ ಮೊದಲೇ ಈ ಪ್ರೋಟೀನ್‌ಗಳು ತಮ್ಮ ದುಂಡನೆಯ ತಲೆಯಿಂದ ಸಾಯುವ ಕೋಶವನ್ನು ಹಿಡಿಯುತ್ತವೆ. ಕೊಲ್ಲಾಜನ್ ಬಾಲ ಹೊರಗೆ ಚಾಚಿರುತ್ತದೆ. ಕಸ ನುಂಗುವ ಕೋಶವಾದ ಮ್ಯಾಕ್ರೋಫೇಜ್ ಮೈಮೇಲಿನ ಕ್ಯಾಲ್ರೆಟಿಕ್ಯುಲಿನ್, ಸಿಡಿ91 ಎಂಬ ಪ್ರೋಟೀನ್ ಜೋಡಿ ಆ ಬಾಲವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಇಡೀ ಕೋಶ ಗುಳುಂ! 2002ರಲ್ಲೇ ಇದು ಪ್ರಕಟವಾಗಿದೆ.

ಮರುವರ್ಷ ಇನ್ನೊಂದು ಗೊತ್ತಾಯಿತು. ತಲೆ ಖಾಲಿ ಇದ್ದಾಗ ಅದೇ ಪ್ರೋಟೀನ್ ಮ್ಯಾಕ್ರೋಫೇಜ್ ಮೈಮೇಲಿನ ಸರ್ಪ್-ಆಲ್ಫಾ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದು ಉರಿಯೂತವನ್ನು ತಡೆಯುತ್ತದೆ. ತಲೆಗೆ ಏನಾದರೂ ಸಿಕ್ಕಿದರೆ ಬಾಲದ ಕಡೆಯಿಂದ ಎಚ್ಚರಿಕೆ ಹೋಗುತ್ತದೆ. ಎರಡು ತುದಿ, ಎರಡು ಸಂದೇಶ! ಇದನ್ನು ಸೋಪು ಅಂತೀರಾ?

'ಮ್ಯಾಕ್ರೋಫೇಜ್‌ಗೆ ಯಾರ ಸಹಾಯವೂ ಬೇಡ, ಫಾಸ್ಫಟೈಡಿಲ್‌ಸೆರೀನ್ (ಸಾಯುವ ಕೋಶದ ಹೊರಮೈಗೆ ಬರುವ ಕೊಬ್ಬು) ನೋಡಿದರೆ ಸಾಕು' ಅಂತ ಇನ್ನೊಬ್ಬ ಪಂಡಿತರು. ಹಾಗಾದರೆ ಎಸ್‌ಪಿ-ಡಿ ಜೀನ್ ತೆಗೆದ ಇಲಿಗಳ ಶ್ವಾಸಕೋಶದಲ್ಲಿ ಸಾಯುತ್ತಿರುವ ಮ್ಯಾಕ್ರೋಫೇಜ್‌ಗಳು ಯಾಕೆ ಜಾಸ್ತಿ ಕಾಣುತ್ತವೆ? ಉತ್ತರ ಕೊಡಿ, ಆಮೇಲೆ ವಾದ ಮಾಡೋಣ.



ನನಗೆ ನಿಜಕ್ಕೂ ಸಂಕಟ ಆಗುವುದು ಇಲ್ಲಿ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಪ್ರಾಣಿಗಳ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟ್ ಕೊಡುತ್ತಾರೆ. ಅದು ಜೀವ ಉಳಿಸುತ್ತದೆ, ಎರಡು ಮಾತಿಲ್ಲ. ಆದರೆ ತಯಾರಿಸುವಾಗ ಎಸ್‌ಪಿ-ಬಿ, ಎಸ್‌ಪಿ-ಸಿ ಎಂಬ ಬೇರೆ ಎರಡು ಪ್ರೋಟೀನ್‌ಗಳು ಉಳಿಯುತ್ತವೆ, ಎ ಮತ್ತು ಡಿ ಹೋಗಿಬಿಡುತ್ತವೆ. ಗುರುತು ಹಿಡಿಯುವ ಎರಡೇ ಇಲ್ಲ! ಇದರ ಬಗ್ಗೆ ಮಾತಾಡಬೇಕು ಅಲ್ವಾ? ಅದು ಬಿಟ್ಟು ಸೋಪಂತೆ, ಸೋಪು!

ಇಲ್ಲ ಸ್ವಾಮಿ. ಅದು ಗುರುತು ಹಿಡಿಯುತ್ತದೆ, ಕಟ್ಟಿ ಹಾಕುತ್ತದೆ, ಒಪ್ಪಿಸುತ್ತದೆ. ನೂರು ಸಲ ಹೇಳುತ್ತೇನೆ, ಗುರುತು ಹಿಡಿಯುತ್ತದೆ! ಎಸ್‌ಪಿ-ಡಿ ಸತ್ತ ಕೋಶಗಳಿಂದ ಚೆಲ್ಲಿದ ಡಿಎನ್‌ಎಯನ್ನೂ ಹಿಡಿಯುತ್ತದೆ. ಅದು ಮುಂದಿನ ವಿಡಿಯೋದಲ್ಲಿ. ಗಂಟೆ ಗುರುತು ಒತ್ತಿ, ಆ ಸೋಪಿನವರಿಗೂ ಲಿಂಕ್ ಕಳಿಸಿ.