ಸಸಿ ಆಮೇಲೆ, ಮೊದಲು ಪೈಪು

ಕೇಳುಗರಿಗೆ ನಮಸ್ಕಾರ. ನಿಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಹಳ್ಳ ಇದೆ ಅಲ್ವಾ? ಬೆಳಿಗ್ಗೆ ವಾಕಿಂಗ್ ಹೋದಾಗ ಮೂಗು ಮುಚ್ಚಿಕೊಂಡು ದಾಟುತ್ತೀರಲ್ಲ, ಅದೇ. ನೀವು ಅದನ್ನು ಮೋರಿ ಅನ್ನುತ್ತೀರಿ. ಅದು ಮಳೆ ನೀರಿನ ದಾರಿ. ಮೈಸೂರಿನ ಉತ್ತರದ ಕಡೆಯ ಮಳೆ ನೀರು ಕಾವೇರಿಗೆ, ದಕ್ಷಿಣದ್ದು ಕಬಿನಿಗೆ ಇಳಿಯುತ್ತದೆ. ಕೊನೆಗೆ ಎರಡೂ ಸೇರುವುದು ತಿರುಮಕೂಡಲಿನಲ್ಲೇ.

ಹಳ್ಳ ಉಳಿಸೋಣ ಅಂದರೆ ಸಾಕು, ಜನ ಸಸಿ ತರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ದಯವಿಟ್ಟು ಸಸಿ ಆಮೇಲೆ. ಮೊದಲು ಹಳ್ಳಕ್ಕೆ ಕೊಳಚೆ ಬಿಡುವ ಪೈಪು ಹುಡುಕಿ. ಕೊಳಚೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನಿಗೆ ಉಸಿರಿಲ್ಲ. ಸೊಳ್ಳೆಮರಿ ಮಾತ್ರ ಮೇಲೆ ಬಂದು ಗಾಳಿ ಕುಡಿದು ಹಾಯಾಗಿರುತ್ತದೆ.

ನಮ್ಮ ಪಾರ್ಕಿನ ಕಥೆ ಕೇಳಿ. ಮಳೆಯಿಲ್ಲದ ಮಾರ್ಚ್ ತಿಂಗಳು. ಆದರೂ ಹಳ್ಳದಲ್ಲಿ ನೀರು! ಎಲ್ಲಿಂದ? ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬೆಳಿಗ್ಗೆ ಆರಕ್ಕೇ ಸೇತುವೆ ಕಟ್ಟೆ ಮೇಲೆ ಕೂತೆವು. ಎಂಟೂವರೆಗೆ ನೊರೆ ಬಂತು. ವಾಷಿಂಗ್ ಮೆಷಿನ್ ಹೊತ್ತು! ನೊರೆ ಹಿಡಿದು ಮೇಲಕ್ಕೆ ನಡೆದೆವು. ನಾಲ್ಕು ಮನೆ ಮೇಲೆ ಅನುಮಾನ. ಒಂದೊಂದು ಮನೆಯ ಬಚ್ಚಲಿಗೂ ಬಕೆಟ್ಟಿನಲ್ಲಿ ಅರಿಸಿನ ಕದಡಿ ಹುಯ್ಯಿಸಿದೆವು. ಮೂರು ಮನೆಯಿಂದ ಏನೂ ಬರಲಿಲ್ಲ. ನಾಲ್ಕನೆಯದಕ್ಕೆ ಹಳ್ಳದಲ್ಲಿ ಕೆಂಪು ನೀರು, ಥೇಟ್ ಆರತಿ ಓಕುಳಿ! ಅರಿಸಿನಕ್ಕೆ ಸುಣ್ಣ ಬಿದ್ದರೂ ಕೆಂಪು, ಸೋಪು ಬಿದ್ದರೂ ಕೆಂಪು, ನೋಡಿ. ಆ ಮನೆ ಯಾರದು? ನಮ್ಮ ಷಡ್ಡಕರದು. ಮಹಡಿ ಕಟ್ಟಿಸುವಾಗ ಗಾರೆಯವನು ಹತ್ತಿರ ಆಗುತ್ತೆ ಅಂತ ಬಚ್ಚಲ ಪೈಪನ್ನು ಮಳೆ ಚರಂಡಿಗೆ ಸೇರಿಸಿದ್ದ. ಒಳಚರಂಡಿಗೆ ಬದಲಾಯಿಸಲು ಒಂದು ದಿನದ ಕೆಲಸ. ಆದರೆ ಆ ಯುಗಾದಿಗೆ ಅವರು ನಮ್ಮನೆಗೆ ಬರಲಿಲ್ಲ.

ಸಮಯ ಆಯ್ತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಹಳ್ಳದ ತಳಕ್ಕೆ ಸಿಮೆಂಟ್ ಬೇಡ, ನೀರು ಇಂಗಬೇಕು. ಜೆಸಿಬಿ ತಂದು ನೆಟ್ಟಗೆ ಕೆರೆಯಬೇಡಿ, ಅಂಕುಡೊಂಕು ಇದ್ದರೆ ನೀರು ನಿಧಾನವಾಗುತ್ತದೆ. ದಡಕ್ಕೆ ಲಾವಂಚ, ಲಕ್ಕಿ, ಹೊಂಗೆ. ಬೇರು ಮಣ್ಣು ಹಿಡಿಯುತ್ತದೆ. ಜೊಂಡು ಸ್ವಲ್ಪ ಇರಲಿ, ಕೀಳಬೇಡಿ. ಲಕ್ಕಿ ಕಡ್ಡಿ ನೆಟ್ಟರೂ ಚಿಗುರುತ್ತದೆ, ಮುಂಗಾರಿಗೆ ನೆಡಿ.

ಆದರೆ ಪೈಪು ಹುಡುಕಿದ ಮೇಲೆ. ನಾಳೆ ಎಂಟೂವರೆಗೆ ಹೋಗಿ ನೋಡಿ. ನಮಸ್ಕಾರ.