ಮರ ಕಡಿಯುವ ಮುಂಚೆ ಬಳ್ಳಿ ಕಡಿಯಬೇಕು, ಯಾಕೆ ಗೊತ್ತಾ?

ಎಲ್ಲರಿಗೂ ನಮಸ್ಕಾರ. ಮಳೆಕಾಡಿನಲ್ಲಿ ಮರ ಕಡಿಯುತ್ತಲೇ ಕಾಡು ಉಳಿಸೋಕೆ ಆಗುತ್ತಾ ಅಂತ ತುಂಬಾ ಜನ ಕೇಳಿದ್ದೀರಿ. ಆಗುತ್ತದೆ. ಮಲೇಷ್ಯಾದ ಸಬಾ ರಾಜ್ಯದಲ್ಲಿ, ಬೋರ್ನಿಯೋ ದ್ವೀಪದಲ್ಲಿ, ದೆರಮಾಕೋಟ್ ಅಂತ ಸುಮಾರು 55 ಸಾವಿರ ಹೆಕ್ಟೇರ್ ಕಾಡಿದೆ.

[ನಕ್ಷೆ]

ಮೊದಲು ಇಲ್ಲೂ ಮನಸ್ಸಿಗೆ ಬಂದಂತೆ ಕಡಿದರು. 1989ರಲ್ಲಿ ನಿಲ್ಲಿಸಿ, ಜರ್ಮನಿಯ ತಜ್ಞರ ಜೊತೆ ಹೊಸ ಯೋಜನೆ ಮಾಡಿದರು. 1997ರಲ್ಲಿ, ಕಾಡು ಹಾಳಾಗದ ಹಾಗೆ ಮರ ಕಡಿಯುತ್ತಾರೆ ಅಂತ ಖಾತ್ರಿ ಕೊಡುವ ಅಂತರರಾಷ್ಟ್ರೀಯ ಎಫ್‌ಎಸ್‌ಸಿ ಪ್ರಮಾಣಪತ್ರ ಸಿಕ್ಕಿತು. ಕಾಡನ್ನು 135 ಭಾಗ ಮಾಡಿದ್ದಾರೆ, ಒಂದು ಕಡೆ ಕಡಿದರೆ ಮತ್ತೆ ಅಲ್ಲಿಗೆ ಬರುವುದು ಸುಮಾರು 40 ವರ್ಷ ಬಿಟ್ಟು.

ಈಗ ನನಗೆ ತುಂಬಾ ಇಷ್ಟವಾದ ವಿಷಯ.

[ದಪ್ಪ ಬಳ್ಳಿಯ ಚಿತ್ರ]

ಈ ಬಳ್ಳಿ ನೋಡಿ, ತೋಳಿನಷ್ಟು ದಪ್ಪ. ನೆಲದಿಂದ ಹೊರಟು ಮರದ ನೆತ್ತಿಗೆ ಹೋಗಿ, ಅಲ್ಲಿಂದ ಪಕ್ಕದ ಮೂರು-ನಾಲ್ಕು ಮರಕ್ಕೂ ಸುತ್ತಿಕೊಂಡಿರುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಕರೆಂಟ್ ಕಂಬ ಬಿದ್ದರೆ ತಂತಿ ಎಳೆದು ಸಾಲಾಗಿ ಕಂಬಗಳು ಉರುಳುತ್ತವಲ್ಲ, ಹಾಗೆಯೇ ಇಲ್ಲಿ ಒಂದು ಮರ ಕಡಿದರೆ ಅಕ್ಕಪಕ್ಕದ ಎಳೆ ಮರಗಳೂ ಸುಮ್ನೆ ಮುರಿದು ಬೀಳುತ್ತವೆ. ಮುಂದಿನ ಸಲದ ನಾಟಾ ಆಗಬೇಕಿದ್ದವು ಅವೇ! ಎಷ್ಟೋ ಸಲ ಮುರಿದ ಕೊಂಬೆ ಕಡಿಯುವವನ ತಲೆ ಮೇಲೇ ಬೀಳುತ್ತದೆ.

ಅದಕ್ಕೆ ಎಷ್ಟೋ ತಿಂಗಳು ಮೊದಲೇ ಕೆಲಸಗಾರರು ಪರಾಂಗ್ ಅನ್ನುವ ಮಚ್ಚು ಹಿಡಿದು ಹೋಗಿ ಬಳ್ಳಿಯನ್ನು ಬುಡದಲ್ಲಿ ಕತ್ತರಿಸುತ್ತಾರೆ. ಅದೇ ದಿನ ಕತ್ತರಿಸಿದರೆ ಪ್ರಯೋಜನವಿಲ್ಲ, ಹಸಿ ಬಳ್ಳಿ ಹಗ್ಗದ ಹಾಗೆಯೇ ಗಟ್ಟಿ. ಅದು ಮೇಲೆಯೇ ಒಣಗಿ, ಕೊಳೆತು, ಹಿಡಿತ ಬಿಡಬೇಕು. ಹಾಗಂತ ಕಾಡಿನ ಬಳ್ಳಿಯನ್ನೆಲ್ಲ ಕಡಿಯುವಂತಿಲ್ಲ. ಒರಾಂಗುಟಾನ್ ಮರದಿಂದ ಮರಕ್ಕೆ ದಾಟುವುದು ಇದನ್ನೇ ಹಿಡಿದು.

ಮರ ಯಾವ ಕಡೆ ಬೀಳಬೇಕು ಅನ್ನುವುದೂ ಮೊದಲೇ ತೀರ್ಮಾನ. ಟ್ರ್ಯಾಕ್ಟರ್ ದಾರಿ, ಹೊಳೆದಂಡೆ, ಕಡಿದಾದ ಇಳಿಜಾರು, ಎಲ್ಲಕ್ಕೂ ನಿಯಮ ಇದೆ, ಟೈಮಿಲ್ಲ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಸಬಾದಲ್ಲೇ 1990ರ ದಶಕದಲ್ಲಿ ಅಳೆದು ನೋಡಿದಾಗ, ಹೀಗೆ ಕಡಿದರೆ ಉಳಿದ ಮರಗಳಿಗೆ ಆಗುವ ಹಾನಿ ಅರ್ಧಕ್ಕೂ ಕಡಿಮೆ ಆಗಿತ್ತು. ಬೋರ್ನಿಯೋದ ಐದೂ ಜಾತಿಯ ಕಾಡುಬೆಕ್ಕುಗಳು ದೆರಮಾಕೋಟ್‌ನಲ್ಲಿ ಇವತ್ತಿಗೂ ಇವೆ.

ಖರ್ಚು ಜಾಸ್ತಿ, ನಿಜ. ಆದರೆ ನಾಟಾದಿಂದ ದುಡ್ಡು ಬರದ ಕಾಡಿನ ಮೇಲೆ ತಾಳೆಎಣ್ಣೆ ತೋಟದವರ ಕಣ್ಣು ಬೀಳುತ್ತದೆ, ನನಗೆ ಭಯ ಇರುವುದು ಅದೇ. ಬೆಂಗಳೂರಿನ ಟಿಂಬರ್ ಅಂಗಡಿಗಳಲ್ಲಿ 'ಮಲೇಷ್ಯನ್ ಸಾಲ್' ಅಂತ ಬಾಗಿಲ ಚೌಕಟ್ಟಿಗೆ ಮರ ಕೊಡುತ್ತಾರಲ್ಲ, ಮನೆ ಕಟ್ಟಿಸುತ್ತಿರುವವರು ಈ ಸಲ ಹೋದಾಗ ಅದು ಯಾವ ಕಾಡಿನದು, ಎಫ್‌ಎಸ್‌ಸಿ ಕಾಗದ ಇದೆಯಾ ಅಂತ ಕೇಳಿ. ಏನಂದರು ಅಂತ ಕಮೆಂಟಿನಲ್ಲಿ ಬರೆಯಿರಿ.